ಟ್ಯಾಗ್ ಇಲ್ಲದ ಮಷೀನ್ ರಾತ್ರಿ ಆಫ್: ನಮ್ಮ ಎಡಬ್ಲ್ಯೂಎಸ್ ಬಿಲ್ ಇಳಿಸಿದ್ದು ಹಿಂಗೆ

ಎಡಬ್ಲ್ಯೂಎಸ್ (ಅಮೆಜಾನ್‌ನ ಬಾಡಿಗೆ ಕಂಪ್ಯೂಟರ್ ಸೇವೆ) ಮಷೀನ್‌ಗಳಿಗೆ ಟ್ಯಾಗ್, ಅಂದ್ರೆ ಯಾರದ್ದು ಯಾತಕ್ಕೆ ಅಂತ ಹೇಳೋ ಚೀಟಿ, ಹಾಕಿ ಬಿಲ್ ಇಳಿಸ್ತೀನಿ ಅಂದಾಗ ಆಫೀಸಲ್ಲಿ ಯಾರೂ ನಂಬ್ಲಿಲ್ಲ. "ಟ್ಯಾಗ್ ಎಲ್ಲಾ ಮೂರು ತಿಂಗಳ ಉತ್ಸಾಹ ಕಣಪ್ಪ, ಆಮೇಲೆ ಯಾವನೂ ಹಾಕಲ್ಲ" ಅಂತ ಸೀನಿಯರ್ ಒಬ್ರು ಅಂದಿದ್ರು, ಅದಕ್ಕೂ ಮುಂಚೆ ನಮ್ಮಲ್ಲಿ ನಡೆದಿದ್ದೆಲ್ಲಾ ಹಂಗೇ ಮುಗಿದಿತ್ತು ಕೂಡ. ಈಗ ಮುಂಬೈ ರೀಜನ್ನಿನ (ಮುಂಬೈ ಕಡೆಯ ಎಡಬ್ಲ್ಯೂಎಸ್ ಡೇಟಾ ಸೆಂಟರ್‌ಗಳ) ಬಿಲ್ಲು ತಿಂಗಳಿಗೆ ಹತ್ತಿರತ್ತಿರ 14 ಲಕ್ಷ ಇದ್ದಿದ್ದು 9 ಚಿಲ್ರೆಗೆ ಇಳಿದು ಒಂದು ವರ್ಷದಿಂದ ಅಲ್ಲೇ ನಿಂತಿದೆ. ಅದಕ್ಕೇ ಬರೀತಿರೋದು.

ಮೊದ್ಲು ಎಕ್ಸೆಲ್ ಶೀಟಲ್ಲಿ ಹದಿನಾಲ್ಕೋ ಹದಿನೈದೋ ಕೀ (ಟ್ಯಾಗಿನ ಹೆಸ್ರು, ಅದರ ಮುಂದೆ ತುಂಬೋದು ವ್ಯಾಲ್ಯೂ) ಮಾಡಿ ಎಲ್ಲಾ ಟೀಮ್‌ಗೆ ಮೇಲ್ ಹೋಯ್ತು. ಒಂದು ರಿಸೋರ್ಸ್‌ಗೆ (ಮಷೀನ್, ಡಿಸ್ಕ್ ಥರದ್ದಕ್ಕೆ) 50 ಟ್ಯಾಗ್ ಹಾಕ್ಬಹುದು ಅಂದ್ರೆ ಅಷ್ಟೂ ಹಾಕಿಸ್ಬೇಕು ಅಂತಲ್ಲ, ಇದು ನಮ್ಮವ್ರಿಗೆ ಹೊಳೀಲೇ ಇಲ್ಲ. ಕಾಸ್ಟ್ ಎಕ್ಸ್‌ಪ್ಲೋರರ್ (ಖರ್ಚು ತೋರಿಸೋ ಪುಟ) ತೆಗೆದ್ರೆ ಪ್ರಾಡ್ (ಗ್ರಾಹಕರು ಬಳಸೋ ಅಸಲಿ ಸಿಸ್ಟಮ್) ಅನ್ನೋದೇ ನಾಲ್ಕು ಥರ: ಪೂರ್ತಿ ಚಿಕ್ಕಕ್ಷರ, ಮೊದಲಕ್ಷರ ಮಾತ್ರ ದೊಡ್ಡದು, ಪೂರ್ತಿ ದೊಡ್ಡಕ್ಷರ, ಆಮೇಲೆ ಉದ್ದಕ್ಕೆ ಪ್ರೊಡಕ್ಷನ್. ಎಡಬ್ಲ್ಯೂಎಸ್ ಲೆಕ್ಕದಲ್ಲಿ ನಾಲ್ಕೂ ಬೇರೆ ಬೇರೆ. ಆಗ ಬಿಲ್ಲಿನ ಅರವತ್ತು ಪರ್ಸೆಂಟ್ ಮೇಲೇ ಯಾರದ್ದು ಅಂತ ಗೊತ್ತಾಗ್ತಿರ್ಲಿಲ್ಲ.

ಆಮೇಲೆ ಟ್ಯಾಗ್ ಪಾಲಿಸಿ. ಅದು ಆಗ ಹಾಕಿದ ಟ್ಯಾಗಿನ ವ್ಯಾಲ್ಯೂ ಸರಿ ಇದೆಯಾ ಅಂತ ನೋಡ್ತಿತ್ತು ಅಷ್ಟೇ, ಟ್ಯಾಗೇ ಹಾಕ್ದೆ ಬಂದವನನ್ನ ತಡೀತಿರ್ಲಿಲ್ಲ. ಸರಿ ಅಂತ ಎಸ್‌ಸಿಪಿ (ಕಂಪನಿಯ ಅಕೌಂಟ್‌ಗಳಿಗೆ ಇಂಥದ್ದು ಮಾಡಂಗಿಲ್ಲ ಅಂತ ಹಾಕೋ ನಿಯಮ) ಬರೆದು, ರಿಕ್ವೆಸ್ಟ್‌ನಲ್ಲಿ ಟ್ಯಾಗ್ ಇಲ್ದಿದ್ರೆ ಇನ್‌ಸ್ಟೆನ್ಸ್ (ಬಾಡಿಗೆ ಮಷೀನ್) ಹುಟ್ಟೋದೇ ಬೇಡ ಅಂತ ಮಾಡಿದ್ವಿ. ಮಾರನೇ ದಿನ ಜೆಂಕಿನ್ಸ್ (ಕೋಡನ್ನ ತಾನೇ ಬಿಲ್ಡ್ ಮಾಡಿ ಓಡ್ಸೋ ಟೂಲ್) ಪೈಪ್‌ಲೈನ್ ಎಲ್ಲಾ ಫೇಲ್ ಆಗಿ ಕೆಂಪು, ಇನ್ನೊಂದ್ಕಡೆ ಆಟೋ ಸ್ಕೇಲಿಂಗ್‌ನಿಂದ (ಲೋಡ್ ನೋಡಿ ಮಷೀನ್ ತಾನೇ ಹೆಚ್ಚು ಕಮ್ಮಿ ಮಾಡೋ ಸರ್ವಿಸ್) ಹುಟ್ಟೋ ಮಷೀನ್‌ಗಳು ಟ್ಯಾಗೇ ಇಲ್ದೆ ಆರಾಮಾಗಿ ಬರ್ತಾನೇ ಇದ್ವು, ಯಾಕಂದ್ರೆ ಅವನ್ನ ಹುಟ್ಟಿಸೋದು ಸರ್ವಿಸ್ ಲಿಂಕ್ಡ್ ರೋಲ್ (ಎಡಬ್ಲ್ಯೂಎಸ್ ಸರ್ವಿಸ್‌ಗೇ ಇರೋ ಪರ್ಮಿಷನ್), ಅದಕ್ಕೆ ಎಸ್‌ಸಿಪಿ ತಾಗೋದೇ ಇಲ್ಲ. ಪ್ರಾಮಾಣಿಕರಿಗೆ ದಂಡ, ಉಳಿದವ್ರಿಗೆ ಫ್ರೀ ಪಾಸು. ವಾರದೊಳಗೆ ತೆಗೆಸಿದ್ರು.

ಕೊನೆಗೆ ಕೀ ಬರೀ ಮೂರಕ್ಕೆ ಇಳಿಸ್ದೆ. ಕಾಸ್ಟ್ ಕೋಡ್ (ಖರ್ಚು ಯಾರ ಲೆಕ್ಕಕ್ಕೆ ಅನ್ನೋ ಫೈನಾನ್ಸ್ ಕೋಡ್), ಎನ್ವಿರಾನ್‌ಮೆಂಟ್ (ಅಸಲಿಯೋ ಪ್ರಯೋಗದ್ದೋ), ಶೆಡ್ಯೂಲ್ (ಯಾವಾಗ ಓಡ್ಬೇಕು). ಟೀಮ್ ಹೆಸ್ರು ಬೇಕಂತ್ಲೇ ಬಿಟ್ಟೆ, ನಮ್ಮಲ್ಲಿ ಟೀಮ್ ಹೆಸ್ರು ವರ್ಷಕ್ಕೆರಡು ಸಲ ಬದಲಾಗುತ್ತೆ, ಫೈನಾನ್ಸ್‌ನವ್ರ ಕೋಡ್ ಬದಲಾಗಲ್ಲ. ಅದೂ ಅಲ್ದೆ ಕೋಡ್ ಅವರದ್ದೇ ಆದ್ರೆ ಮೀಟಿಂಗಲ್ಲಿ ಅವ್ರೇ ನಮ್ಮ ಪರ ಮಾತಾಡ್ತಾರೆ, ಇದು ನೂರು ಮೇಲ್‌ಗಿಂತ ಹೆಚ್ಚು ಕೆಲಸ ಮಾಡ್ತು.

ಕೈಯಲ್ಲಿ ಟ್ಯಾಗ್ ಟೈಪ್ ಮಾಡೋದನ್ನ ಪೂರ್ತಿ ನಿಲ್ಲಿಸ್ದೆ. ಟೆರಾಫಾರ್ಮ್ (ಕೋಡ್ ಬರೆದು ಮಷೀನ್ ಹುಟ್ಟಿಸೋ ಟೂಲ್) ಪ್ರೊವೈಡರ್ ಸೆಟ್ಟಿಂಗಲ್ಲೇ ಡೀಫಾಲ್ಟ್ ಟ್ಯಾಗ್ಸ್ ಕೊಟ್ಟೆ. ಆದ್ರೆ ಅದನ್ನೇ ನಂಬ್ಕೊಂಡು ಕೂರ್ಬೇಡಿ, ಆಟೋ ಸ್ಕೇಲಿಂಗ್ ಗ್ರೂಪಿಂದ ಹುಟ್ಟೋ ಮಷೀನ್‌ಗೆ ಅದು ಹೋಗಲ್ಲ, ಪ್ರೊಪಗೇಟ್ ಅಟ್ ಲಾಂಚ್ (ಹುಟ್ಟುವಾಗ್ಲೇ ಟ್ಯಾಗ್ ದಾಟಿಸೋ ಸೆಟ್ಟಿಂಗ್) ಬೇರೆ ಕೊಡ್ಬೇಕು, ಡಿಸ್ಕ್‌ಗೆ ಲಾಂಚ್ ಟೆಂಪ್ಲೇಟ್‌ನಲ್ಲಿ (ಹುಟ್ಟೋ ಮಷೀನ್ ಹೆಂಗಿರ್ಬೇಕು ಅನ್ನೋ ಅಚ್ಚು) ವಾಲ್ಯೂಮ್ ಅಂತ ಬೇರೆ ಬರೀಬೇಕು. ಕುಬರ್ನೆಟಿಸ್ (ಕಂಟೇನರ್‌ಗಳನ್ನ ಓಡ್ಸೋ ವ್ಯವಸ್ಥೆ) ಇದ್ರೆ ಪಿವಿಸಿ (ಡಿಸ್ಕ್ ಬೇಕು ಅನ್ನೋ ಅರ್ಜಿ) ಮಾಡಿದಾಗ ಹುಟ್ಟೋ ಡಿಸ್ಕ್‌ಗೆ ಇಬಿಎಸ್ ಸಿಎಸ್‌ಐ ಡ್ರೈವರ್ (ಆ ಡಿಸ್ಕ್ ಹುಟ್ಟಿಸೋ ಸಾಫ್ಟ್‌ವೇರ್) ಸೆಟ್ಟಿಂಗಲ್ಲಿ ಹಾಕಿ. ಆರ್‌ಡಿಎಸ್ (ಎಡಬ್ಲ್ಯೂಎಸ್‌ನ ಡೇಟಾಬೇಸ್) ಸ್ನ್ಯಾಪ್‌ಶಾಟ್‌ಗೆ (ಬ್ಯಾಕಪ್ ನಕಲಿಗೆ) ಟ್ಯಾಗ್ ಕಾಪಿ ಮಾಡೋ ಆಪ್ಷನ್ ಇದೆ, ಅದನ್ನೂ ಆನ್ ಮಾಡ್ಕೊಳ್ಳಿ.

ನಿಜವಾಗ್ಲೂ ಹಣ ಉಳಿಸಿದ್ದು ಲ್ಯಾಂಬ್ಡಾ, ಅಂದ್ರೆ ಹೇಳಿದ ಹೊತ್ತಿಗೆ ತಾನೇ ಓಡೋ ಚಿಕ್ಕ ಸ್ಕ್ರಿಪ್ಟ್. ಡೆವ್ (ಡೆವಲಪರ್‌ಗಳು ಪ್ರಯೋಗ ಮಾಡೋ) ಅಕೌಂಟಲ್ಲಿ ಮಾತ್ರ, ರಾತ್ರಿ ಎಂಟಕ್ಕೆ ಎಲ್ಲಾ ಆಫ್, ಕೆಲಸದ ದಿನ ಬೆಳಿಗ್ಗೆ ಎಂಟಕ್ಕೆ ಟ್ಯಾಗ್ ಇರೋದು ಮಾತ್ರ ಆನ್. ರಾತ್ರಿನೂ ಬೇಕು ಅಂದವನು ಶೆಡ್ಯೂಲ್ ಕೀನಲ್ಲಿ ಹೇಳ್ಬೇಕು. ಟ್ಯಾಗ್ ಇಲ್ಲ ಅಂದ್ರೆ ಬೆಳಿಗ್ಗೆನೂ ಏಳಲ್ಲ. ಮೊದಲ ವಾರ "ಲೇ ಗುರು, ನಮ್ ಮಷೀನ್ ಎಲ್ಲೋಯ್ತು" ಅಂತ ಫೋನ್ ಮೇಲೆ ಫೋನು, ಮೂರನೇ ವಾರಕ್ಕೆ ಫೋನ್ ನಿಂತ್ವು, ಟ್ಯಾಗ್ ತಾವಾಗೇ ಬಂದ್ವು. ವಾರಕ್ಕೆ 168 ಗಂಟೆ, ನಾವು ಓಡ್ಸೋದು ಐದು ದಿನ ಸೇರಿ 60, ಲೆಕ್ಕ ನೀವೇ ಹಾಕ್ಕೊಳ್ಳಿ. ಆಫ್ ಆದ್ರೂ ಡಿಸ್ಕಿನ ಬಾಡಿಗೆ ಓಡ್ತಾನೇ ಇರುತ್ತೆ, ಎಲಾಸ್ಟಿಕ್ ಐಪಿಗೂ (ಮಷೀನಿನ ಕಾಯಂ ಇಂಟರ್ನೆಟ್ ವಿಳಾಸ) ಅಷ್ಟೇ, ಹಂಗಾಗಿ ಪೂರ್ತಿ 64 ಪರ್ಸೆಂಟ್ ಸಿಗಲ್ಲ, ನಮಗೆ ಸಿಕ್ಕಿದ್ದು ಐವತ್ತರ ಆಸುಪಾಸು.

ಸ್ಕ್ರಿಪ್ಟ್ ಬರೆಯೋರಿಗೆ ಒಂದೆರಡು ಮಾತು. ರಿಸೋರ್ಸ್ ಗ್ರೂಪ್ಸ್ ಟ್ಯಾಗಿಂಗ್ ಎಪಿಐ (ಟ್ಯಾಗ್ ಹುಡುಕೋ ಎಡಬ್ಲ್ಯೂಎಸ್ ಸೌಲಭ್ಯ) ಕೇಳಿದ್ರೆ ಟ್ಯಾಗ್ ಇರೋದು ಇಲ್ಲಾ ಹಿಂದೆ ಯಾವತ್ತೋ ಇದ್ದಿದ್ದು ಮಾತ್ರ ಬರುತ್ತೆ, ಹುಟ್ಟಿದಾಗಿನಿಂದ ಟ್ಯಾಗೇ ಕಾಣದ್ದು ಅಲ್ಲಿ ಸಿಗಲ್ಲ, ನಮಗೆ ಬೇಕಾಗಿರೋದೇ ಅದು! ಸರ್ವಿಸ್ ಸರ್ವಿಸಾಗಿ ಡಿಸ್ಕ್ರೈಬ್ (ಇರೋದೆಲ್ಲಾ ಪಟ್ಟಿ ಕೊಡೋ ಕಮ್ಯಾಂಡ್) ಮಾಡಿ. ಆಟೋ ಸ್ಕೇಲಿಂಗ್ ಮಷೀನ್ ನಿಲ್ಸಿದ್ರೆ ಅದರ ಜಾಗಕ್ಕೆ ಹೊಸದು ಬರುತ್ತೆ, ಗ್ರೂಪನ್ನೇ ಸೊನ್ನೆಗೆ ಇಳಿಸ್ಬೇಕು. ನಿಲ್ಸಿದ ಆರ್‌ಡಿಎಸ್ ಏಳು ದಿನ ಆದ್ಮೇಲೆ ತಾನೇ ಎದ್ದು ಕೂರುತ್ತೆ, ಅದಕ್ಕೇ ನಮ್ಮ ಲ್ಯಾಂಬ್ಡಾ ಆಫ್ ಮಾಡೋಕೆ ರಜಾ ದಿನಾನೂ ಓಡುತ್ತೆ. ಹಳೇ ಅನಾಥ ಮಷೀನ್‌ಗಳ ಓನರ್ ಹುಡುಕೋಕೆ ಹೋದ್ರೆ ಕ್ಲೌಡ್‌ಟ್ರೇಲ್ (ಯಾರು ಏನು ಮಾಡಿದ್ರು ಅನ್ನೋ ದಾಖಲೆ) ಹಿಸ್ಟರಿ 90 ದಿನಕ್ಕೆ ಮುಗಿಯುತ್ತೆ, ಅದಕ್ಕಿಂತ ಹಳೇದನ್ನ ನಾನು ಹೆಂಗೆ ಹಿಡಿದೆ ಅನ್ನೋದು ನನ್ನ ಹತ್ರಾನೇ ಇರ್ಲಿ. ಕೀ ಪೇರ್ (ಮಷೀನ್‌ಗೆ ಲಾಗಿನ್ ಆಗೋ ಡಿಜಿಟಲ್ ಬೀಗದ ಕೈ) ಹೆಸ್ರು ನೋಡಿ ಶುರು ಮಾಡಿ, ಅರ್ಧ ಅಲ್ಲೇ ಸಿಗುತ್ತೆ.

ಕಾಸ್ಟ್ ಅಲೋಕೇಶನ್ ಟ್ಯಾಗನ್ನ (ಖರ್ಚಿನ ಲೆಕ್ಕದಲ್ಲಿ ಕಾಣಿಸೋ ಟ್ಯಾಗ್) ಪೇಯರ್ (ಬಿಲ್ ಕಟ್ಟೋ) ಅಕೌಂಟಲ್ಲಿ ಆಕ್ಟಿವೇಟ್ ಮಾಡೋದು ಮರೀಬೇಡಿ. 2024ರಿಂದ ಹಿಂದಿನ 12 ತಿಂಗಳ ಬ್ಯಾಕ್‌ಫಿಲ್ (ಹಳೇ ಖರ್ಚಿನ ಲೆಕ್ಕಕ್ಕೂ ಟ್ಯಾಗ್ ಸೇರಿಸೋದು) ಕೇಳ್ಬಹುದು, ಆದ್ರೆ ಆ ತಿಂಗಳಲ್ಲಿ ರಿಸೋರ್ಸ್ ಮೇಲೆ ಟ್ಯಾಗ್ ಇದ್ದಿರ್ಬೇಕು.

ನಡುವೆ ಒಂದು ತಮಾಷೆನೂ ಮಾಡಿದ್ವಿ, ವ್ಯಾಲ್ಯೂ ಕನ್ನಡದಲ್ಲಿ ಹಾಕೋದು. ಇಸಿ2ನಲ್ಲಿ (ಎಡಬ್ಲ್ಯೂಎಸ್‌ನ ಮಷೀನ್ ಬಾಡಿಗೆ ಸರ್ವಿಸ್) ಆರಾಮಾಗಿ ಕೂತ್ಕೊಳ್ತು. ಐಎಎಂ ರೋಲಲ್ಲಿ (ಯಾರು ಏನು ಮಾಡ್ಬಹುದು ಅನ್ನೋ ಪರ್ಮಿಷನ್) "ಹಣ" ಅಂದ್ರೆ ಓಕೆ, "ಬಿಲ್ಲು" ಅಂದ್ರೆ ಎರರ್! ಅಲ್ಲಿ ಅಕ್ಷರ, ಅಂಕಿ, ಸ್ಪೇಸು, ಕೆಲವು ಚಿಹ್ನೆ ಮಾತ್ರ ನಡೆಯೋದು, ನಮ್ಮ ಗುಡಿಸು, ಕೊಂಬು, ಒತ್ತು ಮೂಡಿಸೋ ಗುರುತು ಯೂನಿಕೋಡ್ ಲೆಕ್ಕದಲ್ಲಿ ಅಕ್ಷರದ ಗುಂಪಿಗೇ ಸೇರಲ್ಲ. ಅರ್ಧ ದಿನ ಇದರಲ್ಲೇ ಹೋಯ್ತು, ಪರವಾಗಿಲ್ಲ.

ಈಗ ಲೆಕ್ಕಕ್ಕೆ ಸಿಗದೆ ಉಳಿದಿರೋದು ಐದಾರು ಪರ್ಸೆಂಟ್. ಸಪೋರ್ಟ್ ಫೀಸು ಅಂಥವಕ್ಕೆ ಟ್ಯಾಗ್ ಅಂಟಿಸೋಕೇ ಬರಲ್ಲ. ಅದನ್ನ ಪ್ರತಿ ಕೋಡಿನ ಖರ್ಚಿನ ಪ್ರಮಾಣದಲ್ಲೇ ಹಂಚ್ತೀವಿ, ಡೇಟಾ ಟೀಮ್‌ನವ್ರ ಪಾಲಿಗೆ ಜಾಸ್ತಿ ಬೀಳುತ್ತೆ ಅಂತ ಪ್ರತಿ ತಿಂಗಳೂ ಗಲಾಟೆ ಮಾಡ್ತಾರೆ, ಫೈನಾನ್ಸ್‌ನವ್ರು ಜಗ್ಗಲ್ಲ.