ಮೊಟ್ಟೆಯಿಲ್ಲದ ಟೊಮೆಟೊ ಸೂಪ್ ಕೇಕ್

ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಮನೆಮನೆಗೂ ಹಬ್ಬಿದ ಕೇಕ್ ಇದು. ಬೆಣ್ಣೆ, ಮೊಟ್ಟೆ, ಹಾಲು ತುಟ್ಟಿ. ಡಬ್ಬಿಯ ಟೊಮೆಟೊ ಸೂಪ್ ಅಗ್ಗ. 1960ರಲ್ಲಿ ಕ್ಯಾಂಪ್‌ಬೆಲ್ ಕಂಪನಿ ಸೂಪ್ ಡಬ್ಬಿಯ ಲೇಬಲ್ ಮೇಲೇ ಇದನ್ನು ಮಾಡುವ ವಿಧಾನ ಅಚ್ಚು ಹಾಕಿಸಿತು. ಅದರಲ್ಲಿ ಮೊಟ್ಟೆ ಇದೆ. ನಾನು ಮಾಡುವುದು ಅದಕ್ಕೂ ಹಳೆಯ, ಮೊಟ್ಟೆ ಹಾಕದ ಬಗೆ.

ಟೊಮೆಟೊ ಇಲ್ಲಿ ರುಚಿಗಲ್ಲ, ಹುಳಿಗೆ. ಆ ಹುಳಿ ಸೋಡಾ ಜೊತೆ ಸೇರಿ ಹಿಟ್ಟನ್ನು ಉಬ್ಬಿಸುತ್ತದೆ.

ಬೇಕಾದ ಸೂಪ್ ಸುಮಾರು 300 ಗ್ರಾಂ, ನೀರು ಬೆರೆಸದ ಗಟ್ಟಿ ಸೂಪ್. ಪೊಟ್ಟಣದ ಸೂಪ್ ಪುಡಿ ಬೇಡ. ಅದರಲ್ಲಿ ಸಾಮಾನ್ಯವಾಗಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ, ಕೇಕ್ ಸಾರಿನ ವಾಸನೆ ಹೊಡೆಯುತ್ತದೆ. ಡಬ್ಬಿ ಸಿಗದಿದ್ದರೆ ಚೆನ್ನಾಗಿ ಹಣ್ಣಾದ 1 ಕೆಜಿ ಟೊಮೆಟೊ ಬೇಯಿಸಿ, ರುಬ್ಬಿ, ಸೋಸಿ, ಅಗಲ ಬಾಣಲೆಯಲ್ಲಿ ಬತ್ತಿಸಿ. ಸೌಟಿನಿಂದ ಎತ್ತಿ ಬಿಟ್ಟರೆ ದೋಸೆ ಹಿಟ್ಟಿನ ಹಾಗೆ ಮಡಿಕೆಯಾಗಿ ಬೀಳಬೇಕು. ಕಣ್ಣಳತೆ ನಂಬಬೇಡಿ, ತೂಗಿ. 350 ಗ್ರಾಂ ಇದ್ದರೆ ಇನ್ನೂ ಬತ್ತಿಸಿ, ಇಲ್ಲವಾದರೆ ಕೇಕಿನ ತಳದಲ್ಲಿ ಹಸಿ ಪದರ ಉಳಿಯುತ್ತದೆ. ಅದಕ್ಕೆ 2 ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸೇರಿಸಿ ಪೂರ್ತಿ ಆರಿಸಿ. ಬಿಸಿ ಇದ್ದರೆ ಬೆಣ್ಣೆ ಕರಗಿ ಕೇಕ್ ಜಿಡ್ಡಾಗುತ್ತದೆ.

250 ಗ್ರಾಂ ಮೈದಾಕ್ಕೆ ಒಂದು ಟೀ ಚಮಚ ಚಕ್ಕೆ ಪುಡಿ, ಅರ್ಧ ಚಮಚ ಜಾಯಿಕಾಯಿ, ಅರ್ಧ ಚಮಚ ಒಣಶುಂಠಿ, ಕಾಲು ಚಮಚ ಲವಂಗ ಹಾಕಿ ಜರಡಿ ಹಿಡಿಯಿರಿ. ಲವಂಗ ಅಳತೆ ಮೀರಿದರೆ ಹಲ್ಲುನೋವಿನ ಔಷಧಿಯ ನೆನಪಾಗುತ್ತದೆ. ಗರಂ ಮಸಾಲೆ ಹಾಕಬಹುದೇ ಅಂತ ಕೇಳುವವರಿದ್ದಾರೆ. ಜೀರಿಗೆ, ಧನಿಯಾ ಇರುವ ಪುಡಿ ಈ ಕೇಕಿಗೆ ಆಗಿಬರುವುದಿಲ್ಲ.

ಓವನ್ 165 ಡಿಗ್ರಿಗೆ ಕಾಯಲಿಕ್ಕೆ ಇಟ್ಟು, 9x5 ಇಂಚಿನ ಬ್ರೆಡ್ ಟಿನ್ನಿಗೆ ಕಾಗದ ಹಾಸಿಟ್ಟುಕೊಂಡೇ ಮುಂದಿನ ಕೆಲಸಕ್ಕೆ ಕೈ ಹಾಕಿ. 60 ಗ್ರಾಂ ಬೆಣ್ಣೆ, 200 ಗ್ರಾಂ ಸಕ್ಕರೆ ತಿಕ್ಕಿ. ಬೆಣ್ಣೆ ಕಡಿಮೆ ಇರುವುದರಿಂದ ಒದ್ದೆ ಮರಳಿನ ಹಾಗಾಗುತ್ತದೆ, ನೊರೆನೊರೆಯಾಗುವುದಿಲ್ಲ, ಅಷ್ಟೇ ಸಾಕು. ಸೂಪನ್ನು ದೊಡ್ಡ ಬಟ್ಟಲಿಗೆ ಹಾಕಿ ಒಂದು ಟೀ ಚಮಚ ಅಡುಗೆ ಸೋಡಾ ಕಲಸಿ. ಚಮಚ ಗೀರಿ ಸಮ ಮಾಡಿದ ಅಳತೆ, ಗೋಪುರ ಬೇಡ. ಜಾಸ್ತಿಯಾದರೆ ಸಾಬೂನಿನ ರುಚಿ ಬರುತ್ತದೆ. ಸೂಪ್ ಬುಸ್ಸೆಂದು ಉಕ್ಕುತ್ತದೆ, ಸಣ್ಣ ಲೋಟವಾದರೆ ಕಟ್ಟೆಯ ಮೇಲೆಲ್ಲ ಕೆಂಪು. ಬೇಕಿಂಗ್ ಪೌಡರ್ ಇಲ್ಲದ ಲೆಕ್ಕವಾದ್ದರಿಂದ ಈ ನೊರೆಯೇ ಬಂಡವಾಳ. ಇಳಿಯುವ ಮೊದಲೇ ಹಿಟ್ಟು ಓವನ್ ಸೇರಬೇಕು.

ಬೆಣ್ಣೆಗೆ ಸೂಪ್ ಹಾಕಿದಾಗ ಒಡೆದ ಹಾಲಿನ ಹಾಗೆ ಕಂಡರೆ ಗಾಬರಿ ಬೇಡ, ಮೈದಾ ಬಿದ್ದಮೇಲೆ ಕೂಡಿಕೊಳ್ಳುತ್ತದೆ. ಬಿಳಿ ಹಿಟ್ಟು ಕಾಣದಷ್ಟು ಮಾತ್ರ ಕಲಸಿ. ಹೆಚ್ಚು ತಿರುವಿದರೆ ನಾರುನಾರು. ಕೊನೆಗೆ ಒಂದು ಚಮಚ ಮೈದಾದಲ್ಲಿ ಹೊರಳಿಸಿದ 150 ಗ್ರಾಂ ಒಣದ್ರಾಕ್ಷಿ.

ಒಂದು ಗಂಟೆ ಬೇಯಬೇಕು. 45 ನಿಮಿಷದ ತನಕ ಬಾಗಿಲು ತೆರೆಯಬೇಡಿ, ನಡು ಕುಸಿಯುತ್ತದೆ. ಕಡ್ಡಿ ಚುಚ್ಚಿ ನೋಡುವಾಗ ದ್ರಾಕ್ಷಿ ತಗುಲಿದರೆ ಇನ್ನೊಂದು ಕಡೆ ಚುಚ್ಚಿ. ಆರಿದ ಮೇಲೆ ಕಾಗದ ಸುತ್ತಿ ಡಬ್ಬಿಗೆ ಹಾಕಿಡಿ. ಮೊದಲ ದಿನ ಮೂಗು ಚುರುಕಿದ್ದವರಿಗೆ ಟೊಮೆಟೊ ಗೊತ್ತಾಗುತ್ತದೆ. ಮಾರನೆಯ ದಿನ ಬರೀ ಚಕ್ಕೆ, ಲವಂಗ.