ಕಳಲೆ ಪಲ್ಯ, ತರಿ ಕಡುಬು, ಜೊತೆಗೊಂದು ಮೊರ

ಸಕಲೇಶಪುರದ ಕಡೆ ಮುಂಗಾರು ಹಿಡಿದು ಒಂದೆರಡು ವಾರ ಕಳೆದರೆ ಸಾಕು, ಬಿದಿರು ಮೆಳೆಯ ಬುಡದಲ್ಲಿ ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಮೂತಿ ತೋರಿಸುತ್ತದೆ. ಆಗಸ್ಟ್‌ವರೆಗೂ ನಮ್ಮ ಅಡುಗೆಮನೆಯಲ್ಲಿ ಅದರದೇ ಹುಳಿ ವಾಸನೆ. ಬೆಂಗಳೂರಿನಿಂದ ಬರುವ ನಮ್ಮ ನಾದಿನಿ ಮಕ್ಕಳು ಮೂಗು ಮುಚ್ಚಿಕೊಂಡೇ ಒಳಗೆ ಬರುತ್ತಾರೆ. ಪಲ್ಯ ಬಡಿಸಿದ ಮೇಲೆ ಮಾತ್ರ, "ಅತ್ತೆ, ಇನ್ನೂ ಇದೆಯಾ?" ಅಂತಾರೆ.

ಕಳಲೆ ತರಲು ಕಾಡಿಗೆ ನುಗ್ಗಬೇಡಿ. ಮೀಸಲು ಅರಣ್ಯದಲ್ಲಿ ಮುರಿಯುವುದು ಅಪರಾಧ. ಮೇಲಾಗಿ ಬಿದಿರು ಅಂದರೆ ಆನೆಗೂ ಪ್ರಾಣ, ಅದರ ಎದುರು ನಿಂತು ಪಾಲು ಕೇಳೋಕಾಗುತ್ತಾ? ತೋಟದ ಬೇಲಿಯಲ್ಲಿ ಮೆಳೆ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ಸಂತೆಯಲ್ಲಿ ಕೊಳ್ಳಿ.

ಕಡಿಯುವಾಗ ಒಂದು ಮೊಳ ಎತ್ತರ ಇರುವುದನ್ನು ನೋಡಿ. ಸೊಂಟದ ಎತ್ತರಕ್ಕೆ ಬಂದದ್ದು ನಾರು, ಎಷ್ಟು ಬೇಯಿಸಿದರೂ ಹಲ್ಲಿಗೆ ಸಿಗುವುದಿಲ್ಲ. ಒಂದು ಮೆಳೆಯಲ್ಲಿ ಎದ್ದದ್ದರಲ್ಲಿ ಅರ್ಧವಾದರೂ ಬಿಡಿ. ನಾನು ದಪ್ಪಗೆ ನೆಟ್ಟಗೆ ಇರುವುದನ್ನು ಮುಟ್ಟುವುದೇ ಇಲ್ಲ. ಅವು ಬಲಿತು ಬೊಂಬಾದರೆ ಮೇದರಿಗೆ ಬೇಕು, ಬುಟ್ಟಿಗೆ, ಮೊರಕ್ಕೆ. ಮೆಳೆಯ ಒಳಗೆ ಇಕ್ಕಟ್ಟಾಗಿ ಎದ್ದ ಸಣಕಲು ಕಳಲೆ ಪಾತ್ರೆಗೆ ಸಾಕು. ಮುಳ್ಳುಬಿದಿರು ಹೇಗೂ ನಲವತ್ತು ಐವತ್ತು ವರ್ಷಕ್ಕೊಮ್ಮೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ತಾನಾಗಿ ಒಣಗಿ ಸಾಯುತ್ತದೆ. ಅಲ್ಲಿಯವರೆಗಾದರೂ ಅದು ಬದುಕಿರಲಿ.

ಮೇಲಿನ ಹಾಳೆಗಳಲ್ಲಿ ಸಣ್ಣ ಕೂದಲಿರುತ್ತದೆ, ತಾಗಿದರೆ ತುರಿಕೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಒಂದೊಂದೇ ಹಾಳೆ ಸುಲಿಯಿರಿ. ಒಳಗೆ ಬೆಳ್ಳಗಿನ ಎಳೆ ಭಾಗ ಸಿಗುತ್ತದೆ. ತುದಿಯಿಂದ ಬಿಲ್ಲೆ ಬಿಲ್ಲೆಯಾಗಿ ಹೆಚ್ಚುತ್ತಾ ಬನ್ನಿ. ಚಾಕು ಎಲ್ಲಿ ತಡೆಯುತ್ತದೋ ಅಲ್ಲಿಗೆ ನಿಲ್ಲಿಸಿ. ಅದರ ಕೆಳಗಿನದ್ದು ಗೊಬ್ಬರದ ಗುಂಡಿಗೆ. ಬಿಲ್ಲೆಗಳನ್ನು ಮತ್ತೆ ಸಣ್ಣಗೆ ಕೊಚ್ಚಿ.

ಇಲ್ಲಿ ಆತುರ ಬೇಡವೇ ಬೇಡ. ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಅನ್ನುವ ಅಂಶ ಇರುತ್ತದೆ. ಹೆಚ್ಚಿದಾಗ ಅದರಿಂದ ಸಯನೈಡ್ ವಿಷ ಹುಟ್ಟುತ್ತದೆ. ಮರಗೆಣಸಿನಲ್ಲೂ ಇಂಥದ್ದೇ ಒಂದು ಇದೆಯಲ್ವಾ, ಹಾಗೆ. ಸಣ್ಣಗೆ ಹೆಚ್ಚಿದಷ್ಟೂ ವಿಷ ಬೇಗ ಹೊರಗೆ ಬರುತ್ತದೆ, ನೀರಿನಲ್ಲಿ ಹೋಗುತ್ತದೆ. ಆದ್ದರಿಂದ ಧಾರಾಳ ನೀರಿನಲ್ಲಿ ಮೂರು ದಿನ ನೆನೆಸಿಡಿ. ದಿನಾ ನೀರು ಬದಲಾಯಿಸಿ. ಆ ನೀರನ್ನು ದನದ ಕಲಗಚ್ಚಿಗೆ ಸುರಿಯಬೇಡಿ, ದನ ಬಾಯಿ ಹಾಕದ ಕಡೆ ಚೆಲ್ಲಿ. ಆಮೇಲೆ ಹೊಸ ನೀರು ಹಾಕಿ, ಮುಚ್ಚಳ ಮುಚ್ಚದೆ 20 ನಿಮಿಷ ಕುದಿಸಿ, ಬಸಿದು ಆ ನೀರನ್ನೂ ಚೆಲ್ಲಿ. ಮುಚ್ಚಿದರೆ ಆವಿಯಲ್ಲಿ ಹೋಗಬೇಕಾದದ್ದು ಒಳಗೇ ಉಳಿಯುತ್ತದೆ. ಕುಕ್ಕರಿನಲ್ಲಿ ಎರಡು ವಿಷಲ್ ಕೂಗಿಸಿ ಕೆಲಸ ಮುಗಿಸುವವರ ಮನೆಯಲ್ಲಿ ನಾನಂತೂ ಕಳಲೆ ತಿನ್ನುವುದಿಲ್ಲ.

ಬೆಂದ ಕಳಲೆ ಎರಡು ಲೋಟ ಇದ್ದರೆ ನೆನೆಸಿದ ಹೆಸರುಕಾಳು ಅರ್ಧ ಲೋಟ ಸಾಕು. ಕಾಳನ್ನು ಬೇರೆ ಬೇಯಿಸಿ, ಒಡೆಯಬಾರದು. ಅರ್ಧ ಲೋಟ ತೆಂಗಿನತುರಿ, ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಶಿನ, ಗೋಲಿಯಷ್ಟು ಹುಣಸೆ, ಇಷ್ಟನ್ನು ತರಿತರಿಯಾಗಿ ರುಬ್ಬಿ. ಸಾಸಿವೆ, ಕರಿಬೇವು, ಈರುಳ್ಳಿ ಒಗ್ಗರಣೆಗೆ ಮಸಾಲೆ ಹಾಕಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ. ಆಮೇಲೆ ಕಳಲೆ, ಕಾಳು, ಉಪ್ಪು. ನೀರು ಇಂಗುವವರೆಗೆ ಸಣ್ಣ ಉರಿ. ಕೊಡಗಿನವರು ಹುಣಸೆ ಬದಲು ಕಾಚಂಪುಳಿ ಅನ್ನುವ ಕಪ್ಪು ಹುಳಿರಸ ಹಾಕುತ್ತಾರೆ. ಸಿಕ್ಕರೆ ಬಿಡಬೇಡಿ.

ಇದಕ್ಕೆ ಜೋಡಿ ತರಿ ಕಡುಬು. ಒಂದು ಲೋಟ ಅಕ್ಕಿ ತರಿಗೆ ಎರಡೂವರೆ ಲೋಟ ನೀರು, ಉಪ್ಪು. ಕುದಿಯುವ ನೀರಿಗೆ ತರಿ ಸುರಿದು ಕೈಯಾಡಿಸಿ, ಗಟ್ಟಿಯಾದ ಮೇಲೆ ಬಿಸಿ ಇರುವಾಗಲೇ ಉಂಡೆ ಕಟ್ಟಿ 15 ನಿಮಿಷ ಹಬೆಯಲ್ಲಿ ಬೇಯಿಸಿ. ತುಪ್ಪ ಇರಲಿ. ಆದರೆ ಪ್ಯಾಕೆಟ್ ರವೆಯಲ್ಲಿ ಮಾಡಿದರೆ ಈ ರುಚಿ ಬರುವುದಿಲ್ಲ. ಅಕ್ಕಿ ತೊಳೆದು, ಆರಿಸಿ, ಒಡೆಸಿ, ಹಿಟ್ಟು ಬೇರೆ ತರಿ ಬೇರೆ ಮಾಡಬೇಕು. ಅದಕ್ಕೆ ಮೊರ ಬೇಕು.

ಗೌರಿ ಹಬ್ಬದ ಬಾಗಿನಕ್ಕೆ ಅಂತ ಎಲ್ಲರ ಮನೆಗೂ ಮೊರ ಬಂದು ಬೀಳುತ್ತದೆ. ಹಬ್ಬ ಮುಗಿದರೆ ಅಟ್ಟ ಸೇರುತ್ತದೆ. ಅರಿಶಿನ ಕುಂಕುಮ ಬಳಿದ ಪುಟಾಣಿ ಮೊರ ಕೇರಲು ಆಗದು, ಬಿಡಿ. ಕೆಲಸಕ್ಕೆ ದೊಡ್ಡ ಮೊರವನ್ನೇ ಮೇದರ ಹತ್ತಿರ ಕೇಳಿ ಕೊಳ್ಳಿ. ಬೆಳಕಿಗೆ ಹಿಡಿದು ನೋಡಿ, ಹೆಣಿಗೆ ಬಿಗಿಯಾಗಿರಬೇಕು. ಅಂಚಿನ ಕಟ್ಟು ಬೆರಳಲ್ಲಿ ಎಳೆದರೆ ಅಲುಗಬಾರದು. ಪ್ಲಾಸ್ಟಿಕ್ ದಾರದ ಕಟ್ಟು ಇದ್ದರೆ ನಾನು ವಾಪಸ್ ಇಡುತ್ತೇನೆ. ಬಿಸಿಲಿಗೆ ಪುಡಿಯಾಗುತ್ತದೆ.

ಹೊಸ ಮೊರವನ್ನು ಹಾಗೇ ಬಳಸಿದರೆ ಸಂದಿಯಲ್ಲಿ ತರಿ ಸೋರುತ್ತದೆ. ಹಳೇ ಪೇಪರನ್ನು ಹರಿದು ರಾತ್ರಿ ನೆನೆಹಾಕಿ. ಎರಡು ಹಿಡಿ ಮೆಂತ್ಯವನ್ನೂ ಬೇರೆ ಪಾತ್ರೆಯಲ್ಲಿ ನೆನೆಸಿ. ಬೆಳಗ್ಗೆ ಎರಡನ್ನೂ ಸೇರಿಸಿ ನುಣ್ಣಗೆ ರುಬ್ಬಿ. ದೋಸೆ ಹಿಟ್ಟಿಗಿಂತ ಗಟ್ಟಿ ಇರಲಿ. ಮೊರದ ಒಳಗೂ ಹೊರಗೂ ಅಂಗೈಯಲ್ಲಿ ತೆಳ್ಳಗೆ ಬಳಿಯಿರಿ, ಸಂದಿಗೆ ಒತ್ತಿ. ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು. ದಪ್ಪಗೆ ಮೆತ್ತಿದರೆ ಹಪ್ಪಳದಂತೆ ಬಿಟ್ಟುಕೊಳ್ಳುತ್ತದೆ. ನಮ್ಮ ಅತ್ತೆ ಕಾಲದಲ್ಲಿ ಸಗಣಿ ಸಾರಿಸುತ್ತಿದ್ದರು. ಮೆಂತ್ಯದ ಅಂಟು ಅದಕ್ಕಿಂತ ಜಾಸ್ತಿ ದಿನ ಬರುತ್ತದೆ ಅನ್ನೋದು ನನ್ನ ಲೆಕ್ಕ, ಜೊತೆಗೆ ಅದರ ಕಹಿಗೆ ಹುಳ ಹತ್ತಿರ ಸುಳಿಯುವುದೂ ಕಡಿಮೆ.

ಇದನ್ನು ಮಳೆಗಾಲದಲ್ಲಿ ಮಾಡಲು ಹೋಗಬೇಡಿ, ಒಣಗದೆ ಬೂಸ್ಟು ಹಿಡಿಯುತ್ತದೆ. ಕಳಲೆ ತಿನ್ನುವ ಮಳೆಯಲ್ಲಿ ಮೊರ ಸಿದ್ಧ ಇರಬೇಕೆಂದರೆ ಫೆಬ್ರವರಿ, ಮಾರ್ಚ್ ಬಿಸಿಲಿನಲ್ಲೇ ಬಳಿದುಕೊಳ್ಳಬೇಕು. ಬಳಿದ ಮೊರವನ್ನು ನೀರಲ್ಲಿ ತೊಳೆಯಬಾರದು, ಒಣ ಬಟ್ಟೆಯಲ್ಲಿ ಒರೆಸಿ. ಸೌದೆ ಒಲೆ ಇದ್ದರೆ ಅದರ ಮೇಲೆ ಹೊಗೆ ತಾಗುವ ಕಡೆ ನೇತುಹಾಕಿ, ಬಿದಿರು ಕೊರೆಯುವ ಕುಟ್ಟೆ ಹುಳ ಬೇಗ ಹಿಡಿಯುವುದಿಲ್ಲ. ಗ್ಯಾಸ್ ಮಾತ್ರ ಇರುವ ಮನೆಯವರು ತಿಂಗಳಿಗೊಮ್ಮೆ ಬಿಸಿಲಿಗೆ ಇಡಿ. ಪದರ ಎದ್ದ ಕಡೆ ಮತ್ತೆ ಒಂದು ಹಿಡಿ ಮೆಂತ್ಯ ರುಬ್ಬಿ ಬಳಿದರಾಯಿತು.