ಸೊಂಟದ ಹಿಂದೆ ಬಾಯಿ ಬಿಡದ ಜೀನ್ಸ್ ಹೊಲಿಯುವುದು ಹೇಗೆ?

ಅಂಗಡಿಯ ಜೀನ್ಸ್ ಸೀಟಿಗೆ ಸರಿಯಾದರೆ ಸೊಂಟದ ಹಿಂದೆ ಬಾಯಿ ಬಿಡುತ್ತದೆ, ಸೊಂಟಕ್ಕೆ ಸರಿಯಾದರೆ ತೊಡೆ ದಾಟುವುದಿಲ್ಲ. ಮನೆಯಲ್ಲೇ ಹೊಲಿದರೆ ಈ ತೊಂದರೆ ತಪ್ಪುತ್ತದೆ. ಆದರೆ ಫಿಟ್ಟಿಂಗ್ ಮುಗಿಯುವ ತನಕ ದಪ್ಪ ದಾರದ ಮೇಲುಹೊಲಿಗೆ (ಹೊರಗೆ ಎದ್ದು ಕಾಣುವ ಹೊಲಿಗೆ) ಹಾಕಲೇಬಾರದು. ಇಂಡಿಗೋ ಬಣ್ಣ ನೂಲಿನ ಹೊರಮೈಗೆ ಮಾತ್ರ ಹಿಡಿದಿರುತ್ತದೆ. ಬಿಚ್ಚಿದ ಕಡೆ ಸೂಜಿಯ ತೂತುಗಳು ಬಿಳಿ ಚುಕ್ಕೆಗಳಾಗಿ ಉಳಿದುಬಿಡುತ್ತವೆ.

ಮೊದಲ ಸಲಕ್ಕೆ 10ರಿಂದ 12 ಔನ್ಸ್‌ನ, ಸ್ಟ್ರೆಚ್ ಇಲ್ಲದ ಕಾಟನ್ ಡೆನಿಮ್ ಸಾಕು. ಔನ್ಸ್ ಎಂದರೆ ಒಂದು ಚದರ ಗಜ ಬಟ್ಟೆಯ ತೂಕ. 58 ಇಂಚು ಪನ್ನಾ (ಬಟ್ಟೆಯ ಅಗಲ) ಇದ್ದರೆ 2 ಮೀಟರ್ ಬೇಕು. ಜೊತೆಗೆ ಜೇಬಿಗೆ ಅರ್ಧ ಮೀಟರ್ ತೆಳು ಕಾಟನ್, 6 ಇಂಚಿನ ಲೋಹದ ಜಿಪ್, ಜೀನ್ಸ್ ಗುಂಡಿ, 100/16 ಜೀನ್ಸ್ ಸೂಜಿ.

ಬಳ್ಳಾರಿಯಂಥ ಕಡೆ ಜೀನ್ಸ್ ಘಟಕಗಳಲ್ಲಿ ಹೊಲಿದ ಮೇಲೆ ವಾಷಿಂಗ್ ನಡೆಯುತ್ತದೆ. ಬಟ್ಟೆ ಕುಗ್ಗುವ ಲೆಕ್ಕ ಅಳತೆಯಲ್ಲೇ ಸೇರಿರುತ್ತದೆ. ಮನೆಯಲ್ಲಿ ಆ ಲೆಕ್ಕ ಸಿಗುವುದಿಲ್ಲ. ಹಾಗಾಗಿ ಕತ್ತರಿಸುವ ಮೊದಲೇ ಬಿಸಿನೀರಿನಲ್ಲಿ ಎರಡು ಸಲ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಒಗೆದಾಗ ಬಟ್ಟೆಯ ಓರೆ ತಿರುಚೂ ಬಯಲಾಗುತ್ತದೆ. ಒಗೆಯದೆ ಕತ್ತರಿಸಿದರೆ ಪಕ್ಕದ ಹೊಲಿಗೆ ಮುಂದೊಂದು ದಿನ ಮೊಣಕಾಲಿನ ಮುಂದಕ್ಕೆ ಸುತ್ತಿಕೊಂಡು ಬರುತ್ತದೆ.

ಬಟ್ಟೆ ಕತ್ತರಿಸಲು ಬಳಸುವ ಕಾಗದದ ಮಾದರಿಯಲ್ಲಿ (ಪ್ಯಾಟರ್ನ್) ಸೀಟಿನ ಅತಿ ಅಗಲದ ಕಡೆ ಮೈ ಅಳತೆಗಿಂತ 3-4 ಸೆಂ.ಮೀ. ಹೆಚ್ಚು ಇಡಿ. ಸೊಂಟಕ್ಕೆ ಹೆಚ್ಚು ಬೇಡ, ಹಾಕಿಕೊಂಡ ಒಂದೆರಡು ಗಂಟೆಯಲ್ಲಿ ಡೆನಿಮ್ ತಾನೇ ಸಡಿಲವಾಗುತ್ತದೆ. ಪಕ್ಕದ ಹೊಲಿಗೆಗೆ 2.5 ಸೆಂ.ಮೀ. ಮಾರ್ಜಿನ್ ಬಿಡಿ, ಉಳಿದೆಡೆ 1.5 ಸಾಕು. ಮುಂಭಾಗ, ಹಿಂಭಾಗ, ಯೋಕ್ (ಹಿಂದೆ ಬೆಲ್ಟ್‌ನ ಕೆಳಗೆ ಬರುವ ತುಂಡು), ಬೆಲ್ಟ್ (ಸೊಂಟದ ಪಟ್ಟಿ) ಎಲ್ಲವನ್ನೂ ಬೇರೆ ಬಣ್ಣದ ದಾರದಲ್ಲಿ, 5 ಮಿ.ಮೀ. ಉದ್ದದ ಕಚ್ಚಾ ಹೊಲಿಗೆಯಲ್ಲಿ ಜೋಡಿಸಿ ಹಾಕಿಕೊಳ್ಳಿ. ನಿಂತು ನೋಡಿದರೆ ಸಾಲದು. ಕುಳಿತು, ಮೆಟ್ಟಿಲು ಹತ್ತಿ ನೋಡಬೇಕು.

ಹಿಂದೆ ಸೊಂಟ ಬಾಯಿ ಬಿಟ್ಟಿದೆಯೇ? ಪಕ್ಕದ ಹೊಲಿಗೆಯಲ್ಲೇ ಎಲ್ಲವನ್ನೂ ಹಿಡಿದರೆ ಜೇಬುಗಳು ಹಿಂದಕ್ಕೆ ಎಳೆದುಕೊಳ್ಳುತ್ತವೆ. 4 ಸೆಂ.ಮೀ. ಹೆಚ್ಚಿದ್ದರೆ ಹಿಂಭಾಗದ ಮಧ್ಯದ ನಡುಹೊಲಿಗೆಯ ಮೇಲ್ತುದಿಯಲ್ಲಿ ಎರಡೂ ಬದಿ 1 ಸೆಂ.ಮೀ. ಹಿಡಿದು, ಕೆಳಗಿಳಿದಂತೆ ಶೂನ್ಯಕ್ಕೆ ತನ್ನಿ. ಉಳಿದ 2 ಸೆಂ.ಮೀ.ಯನ್ನು ಯೋಕ್‌ನ ಕಾಗದದಲ್ಲಿ ತೆಗೆಯಿರಿ: ಪ್ರತಿ ಯೋಕ್‌ನ ಮೇಲಂಚಿನಲ್ಲಿ 1 ಸೆಂ.ಮೀ., ಕೆಳಗಂಚಿನಲ್ಲಿ ಶೂನ್ಯ ಬರುವಂತೆ ಮಡಿಸಿ, ಹೊಸದಾಗಿ ಕತ್ತರಿಸಿ. ಯೋಕ್ ಬಾಗುತ್ತದೆ, ಸೊಂಟವನ್ನು ತಬ್ಬಿಕೊಳ್ಳುತ್ತದೆ. ಇಂಥ ಮೈಕಟ್ಟಿಗೆ ನೇರ ಪಟ್ಟಿಯ ಬೆಲ್ಟ್‌ಗಿಂತ ಬಾಗಿದ ಬೆಲ್ಟ್ ವಾಸಿ.

ಕುಳಿತಾಗ ಹಿಂದಿನ ಬೆಲ್ಟ್ ಜಾರಿದರೆ ಹಿಂಭಾಗದ ಎತ್ತರ ಸಾಲದು. ಹಿಂಭಾಗದ ಕಾಗದವನ್ನು ಸೀಟಿನ ಮಟ್ಟದಲ್ಲಿ ಅಡ್ಡ ಸೀಳಿ, ನಡುಹೊಲಿಗೆಯ ಕಡೆ 1.5-2 ಸೆಂ.ಮೀ. ಬಿಡಿಸಿ, ಪಕ್ಕದ ಅಂಚು ಅಲುಗಬಾರದು. ಮುಂದೆ ಕವಲಿನಿಂದ (ಎರಡು ಕಾಲು ಕೂಡುವ ಜಾಗ) ತೊಡೆಯತ್ತ ಗೆರೆಗಳು ಎಳೆದಿದ್ದರೆ ಕವಲಿನ ತುದಿಯನ್ನು 1 ಸೆಂ.ಮೀ. ಚಾಚಿ. ಒಮ್ಮೆಗೆ ಒಂದೇ ತಿದ್ದುಪಡಿ ಮಾಡಿ, ಮತ್ತೆ ಕಚ್ಚಾ ಹಾಕಿ ನೋಡಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು.

ಈಗ ಕಚ್ಚಾ ಬಿಚ್ಚಿ ಪಕ್ಕಾ ಹೊಲಿಗೆ. ಮುಂಭಾಗದ ಜೇಬು, ಜಿಪ್ ಮೊದಲು. ಆಮೇಲೆ ಯೋಕ್, ಹಿಂದಿನ ನಡುಹೊಲಿಗೆ, ಹಿಂಜೇಬು. ಒಳತೊಡೆಯ ಹೊಲಿಗೆಯನ್ನು ಪಕ್ಕದ ಹೊಲಿಗೆಗಿಂತ ಮೊದಲೇ ಮುಗಿಸಿ: ಕಾಲು ಇನ್ನೂ ತೆರೆದಿರುವುದರಿಂದ ಮೇಲುಹೊಲಿಗೆ ಸಲೀಸು, ಪಕ್ಕದಲ್ಲಿ ಕೊನೆಯ ಹೊಂದಾಣಿಕೆಗೆ ಜಾಗವೂ ಉಳಿಯುತ್ತದೆ. ಜೋಡಿಸುವ ಹೊಲಿಗೆ 3 ಮಿ.ಮೀ., ಮೇಲುಹೊಲಿಗೆ 4 ಮಿ.ಮೀ. ದಪ್ಪ ದಾರ ಮೇಲೆ ಮಾತ್ರ, ಬಾಬಿನ್‌ಗೆ ಮಾಮೂಲಿ ದಾರವೇ ಇರಲಿ.

ಹೊಲಿಗೆಗಳು ಕೂಡುವ ಕಡೆ ಹೊಲಿಗೆ ಬಿಟ್ಟುಹೋಗುವುದಕ್ಕೆ ಮುಖ್ಯ ಕಾರಣ ಪ್ರೆಸರ್ ಫುಟ್ (ಬಟ್ಟೆಯನ್ನು ಒತ್ತಿಹಿಡಿಯುವ ಪಾದ) ಓರೆಯಾಗುವುದು. ಆ ದಪ್ಪವನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ. ಅಷ್ಟೇ ದಪ್ಪಕ್ಕೆ ಮಡಿಸಿದ ಡೆನಿಮ್ ತುಂಡನ್ನು ಫುಟ್‌ನ ಹಿಂಬದಿಗೆ ಕೊಟ್ಟು, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ದಾಟಿಸಿ.

ಕಾಲಿನ ಉದ್ದವನ್ನು ಮಾತ್ರ, ಜೀನ್ಸನ್ನು ಇನ್ನೊಮ್ಮೆ ಒಗೆದ ಮೇಲೆ, ಚಪ್ಪಲಿ ಹಾಕಿ ನಿಂತು ಗುರುತಿಸಿ. ಗುರುತಿನ ಕೆಳಗೆ 3 ಸೆಂ.ಮೀ. ಬಿಟ್ಟು ಕತ್ತರಿಸಿ, 1.5 ಸೆಂ.ಮೀ.ಯಂತೆ ಎರಡು ಮಡಿಕೆ ಹಾಕಿ ಹೊಲಿಯಿರಿ.